ಸಮಪಾಲು ಮತ್ತು ಕನಿಷ್ಠ ಕೆಲಸ: ಎರಡು ಹಂತದ ಕಂಪ್ರೆಸರಿನ ಒಂದು ತಿದ್ದುಪಡಿಯ ಮರುಪರಿಶೀಲನೆ

ಗಾಳಿಯನ್ನು ಒಂದೇ ಏಟಿಗೆ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿ ಇನ್ನಷ್ಟು ಕೆಲಸ ಬೇಡುತ್ತದೆ. ಹಾಗಾಗಿ ಹಂತಗಳಾಗಿ ಒಡೆದು, ನಡುವೆ ಇಂಟರ್‌ಕೂಲರಿನಲ್ಲಿ ತಣಿಸುವುದು ರೂಢಿ. ಪೂರ್ತಿ ತಣಿದರೆ ಎರಡೂ ಹಂತಗಳಿಗೆ ಒಂದೇ ಒತ್ತಡ ಅನುಪಾತವಿರಬೇಕು, ಆಗ ಕೆಲಸವೂ ಸಮಪಾಲಾಗುತ್ತದೆ. ಇಷ್ಟರಲ್ಲಿ ತಕರಾರಿಲ್ಲ.

ಪೂರ್ತಿ ತಣಿಯದಿದ್ದಾಗಿನ ಮಾತು ಬೇರೆ. ಆಗ ನಡುವಿನ ಒತ್ತಡವನ್ನು ಮೇಲಕ್ಕೆ ಸರಿಸಬೇಕೆಂದು ಪ್ರಚಲಿತ ಸೂತ್ರ ಹೇಳುತ್ತದೆ. 1 ಬಾರ್‌ನಿಂದ 9 ಬಾರ್‌ಗೆ ಏರುವ ಗಾಳಿಯನ್ನೇ ನೋಡೋಣ: ಒಳಬರುವಾಗ 300 ಕೆಲ್ವಿನ್, ಕೂಲರ್ ದಾಟಿದ ಮೇಲೆ 320, ಪಾಲಿಟ್ರೋಪಿಕ್ ಘಾತ 1.3. ಸೂತ್ರದ ಪ್ರಕಾರ ನಡುವಿನ ಒತ್ತಡ 3 ಅಲ್ಲ, 3.45 ಬಾರ್, ಉಳಿತಾಯ ಸುಮಾರು ಶೇ. 0.23.

ಈ ಲೆಕ್ಕದೊಳಗೆ ಒಂದು ಊಹೆ ಅಡಗಿದೆ: ನಡುವಿನ ಒತ್ತಡ ಎಷ್ಟಾದರೂ ಕೂಲರಿನಿಂದ ಹೊರಬರುವ ಗಾಳಿ 320ರಲ್ಲೇ ನಿಲ್ಲುತ್ತದೆ ಎಂಬುದು. ಗ್ಯಾರೇಜುಗಳ ಕಂಪ್ರೆಸರಿನಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಹೋಗುವ ರೆಕ್ಕೆಪಟ್ಟಿಯ ಕೊಳವೆಗೆ ಅಂಥ ಹಟವಿಲ್ಲ. ಬಿಸಿ ಹೆಚ್ಚು ಬಂದರೆ ಹೆಚ್ಚು ಬಿಸಿಯನ್ನೇ ಮುಂದಕ್ಕೆ ದಾಟಿಸುತ್ತದೆ. ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿ ಹೆಚ್ಚಿತ್ತೋ ಅದರಲ್ಲಿ ಒಂದು ಸ್ಥಿರ ಭಾಗವನ್ನಷ್ಟೇ, ಇಲ್ಲಿ ಶೇ. 77ರಷ್ಟನ್ನು, ಅದು ಕಳೆಯುತ್ತದೆ ಎಂದುಕೊಂಡರೆ, 3.45 ಬಾರ್‌ನಲ್ಲಿ ಹೊರಬರುವುದು 320 ಅಲ್ಲ, ಸುಮಾರು 323 ಕೆಲ್ವಿನ್. ಆಗ ಒಟ್ಟು ಕೆಲಸ ಇಳಿಯುವ ಬದಲು ಸುಮಾರು ಶೇ. 0.17ರಷ್ಟು ಏರುತ್ತದೆ!

ಇದು ಅಂಕಿಗಳ ಆಕಸ್ಮಿಕವಲ್ಲ. ಬೀಜಗಣಿತ ಬಿಡಿಸಿದರೆ ಕೂಲರಿನ ದಕ್ಷತೆ ಒಟ್ಟು ಕೆಲಸದ ಬದಲಾಗುವ ಭಾಗಕ್ಕೆ ಬರೀ ಗುಣಕವಾಗಿ ಹೊರಬೀಳುತ್ತದೆ, ಕನಿಷ್ಠದ ಜಾಗವನ್ನು ಅಲುಗಿಸುವುದಿಲ್ಲ. ಸಮ ಅನುಪಾತ ಉಳಿಯುತ್ತದೆ. ಹೋಗುವುದು ಸಮ ಕೆಲಸ. ಎರಡನೆಯ ಹಂತ ಮೊದಲನೆಯದಕ್ಕಿಂತ ಶೇ. 6.7ರಷ್ಟು ಹೆಚ್ಚು ದುಡಿಯುತ್ತದೆ.

ಈ ಮಾತಿಗೆ ಮಿತಿಗಳುಂಟು. ತಣಿಸುವ ಗಾಳಿಯೂ ಒಳಸೇದುವ ಗಾಳಿಯೂ ಒಂದೇ ಉಷ್ಣತೆಯವಾಗಿರಬೇಕು, ಎರಡೂ ಹಂತಗಳ ಘಾತ ಒಂದೇ ಇರಬೇಕು, ಕೂಲರಿನಲ್ಲಿ ಒತ್ತಡ ಸೋರಬಾರದು. ನೀರಿನ ಹರಿವನ್ನು ನಿಯಂತ್ರಿಸಿ ಹೊರಬರುವ ಉಷ್ಣತೆಯನ್ನು ಕಟ್ಟಿಹಾಕಿದ ಯಂತ್ರಗಳಲ್ಲಿ ಹಳೆಯ ಸೂತ್ರವೇ ಸರಿ.

ಕೆಲಸ ಮಾತ್ರವೇ ಅಳತೆಗೋಲೂ ಅಲ್ಲ. ಸಮ ಅನುಪಾತದಲ್ಲಿ ಎರಡನೆಯ ಸಿಲಿಂಡರಿನ ಗಾಳಿ 139 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, 3.45 ಬಾರ್‌ನಲ್ಲಿ 130ಕ್ಕೆ ನಿಲ್ಲುತ್ತದೆ. ವಾಲ್ವಿನ ಮೇಲೆ ಎಣ್ಣೆ ಕರಿಗಟ್ಟುವ ಚಿಂತೆಯಿರುವ ವಿನ್ಯಾಸಕ ಆ ಶೇ. 0.17ನ್ನು ಸಂತೋಷದಿಂದಲೇ ತೆತ್ತಾನು. ಸಿಎನ್‌ಜಿ ಬಂಕುಗಳ 250 ಬಾರ್‌ನಲ್ಲಿ ಮೀಥೇನ್ ಆದರ್ಶ ಅನಿಲದ ನಿಯಮ ಪಾಲಿಸದು; ಅಲ್ಲಿ ಈ ಫಲಿತಾಂಶ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಬೇರೆಯಾಗಿಯೇ ಲೆಕ್ಕಹಾಕಬೇಕು.