ಚೆಂಡಿನ ಅಭ್ಯಾಸ (ಯುವ ಫುಟ್‌ಬಾಲ್)

ಎಳೆಯ ಆಟಗಾರರಿಗೆ ಚೆಂಡಿನ ಮೇಲೆ ಹಿಡಿತ ಬರಲೆಂದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸುವ ತರಬೇತಿ ಕ್ರಮ. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆಯುವುದು, ಪಾದದ ಒಳಬದಿ ಹೊರಬದಿಗಳಿಂದ ತಟ್ಟುತ್ತ ಸಾಗುವುದು, ತನ್ನತ್ತ ಬಂದ ಪಾಸನ್ನು ಮೊದಲ ಸ್ಪರ್ಶದಲ್ಲೇ ಅಂಕೆಗೆ ತರುವುದು ಇದರ ಮೂಲ ಪಾಠಗಳು. ಎರಡೂ ಕಾಲುಗಳು ಪಳಗಬೇಕು. ಚೆಂಡನ್ನು ನೋಡದೆಯೇ ಆಡಿಸುವಷ್ಟು ರೂಢಿಯಾದ ಮೇಲೆ ಆಟಗಾರ ತಲೆಯೆತ್ತಿ ಜೊತೆಗಾರರನ್ನೂ ಖಾಲಿ ಜಾಗವನ್ನೂ ಗಮನಿಸಬಲ್ಲ.

ಇತಿಹಾಸ: 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಹಲವು ಕ್ಲಬ್ಬುಗಳಲ್ಲಿ ತರಬೇತಿಯೆಂದರೆ ಮೈದಾನ ಸುತ್ತುವ ಓಟ ಮತ್ತು ವ್ಯಾಯಾಮ. ವಾರವಿಡೀ ಚೆಂಡು ಕೊಡದಿದ್ದರೆ ಶನಿವಾರದ ಪಂದ್ಯದಲ್ಲಿ ಆಟಗಾರರು ಅದಕ್ಕಾಗಿ ಹಾತೊರೆದು ಆಡುತ್ತಾರೆಂಬ ನಂಬಿಕೆಯಿತ್ತು. ಇದನ್ನು ಒಪ್ಪದ ಲ್ಯಾಂಕಶೈರಿನ ಜಿಮ್ಮಿ ಹೋಗನ್ (1882–1974) ನೆದರ್ಲೆಂಡ್ಸ್, ಆಸ್ಟ್ರಿಯ, ಹಂಗರಿಗಳಲ್ಲಿ ಚೆಂಡಿನೊಂದಿಗೇ ತರಬೇತಿ ಕೊಟ್ಟ. ಮೊದಲ ಮಹಾಯುದ್ಧದ ವೇಳೆ ಬುಡಾಪೆಸ್ಟಿನ ಎಂಟಿಕೆ ಕ್ಲಬ್ಬಿನಲ್ಲಿ ಹದಿಹರೆಯದವರನ್ನು ಪಳಗಿಸಿದ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಮಣಿಸಿದಾಗ, ಹಂಗರಿಯವರು ತಮ್ಮ ಆಟದ ಬೇರು ಹೋಗನ್‌ನ ಪಾಠದಲ್ಲಿದೆ ಎಂದರು.

ಈ ಅಭ್ಯಾಸವನ್ನು ಕ್ರಮಬದ್ಧ ಪದ್ಧತಿಯಾಗಿ ರೂಪಿಸಿದವನು ನೆದರ್ಲೆಂಡ್ಸಿನ ವೀಲ್ ಕೂರ್ವರ್ (1924–2011). 1974ರಲ್ಲಿ ಫೆಯೆನೂರ್ಡ್ ತಂಡ ಯುಇಎಫ್‌ಎ ಕಪ್ ಗೆದ್ದಾಗ ಅದರ ತರಬೇತುದಾರ ಈತನೇ. ಹುಟ್ಟಾ ಬರುವಂಥದ್ದು ಎನ್ನಲಾಗುತ್ತಿದ್ದ ಕೌಶಲವನ್ನು ಕಲಿಸಬಹುದು ಎಂಬುದು ಅವನ ವಾದ. ಪೆಲೆ, ಸ್ಟ್ಯಾನ್ಲಿ ಮ್ಯಾಥ್ಯೂಸ್ ಮೊದಲಾದವರ ಆಟದ ಚಿತ್ರಗಳನ್ನು ನೋಡಿ, ಅವರ ಚಲನೆಗಳನ್ನು ಬಿಡಿಬಿಡಿಯಾಗಿಸಿ ಮಕ್ಕಳ ಪಾಠಗಳನ್ನಾಗಿ ಹೊಂದಿಸಿದ. 1974ರ ವಿಶ್ವಕಪ್‌ನಲ್ಲಿ ಸ್ವೀಡನ್ ವಿರುದ್ಧ ಯೋಹಾನ್ ಕ್ರೈಫ್ ತೋರಿದ ತಿರುವನ್ನು ಹೀಗೆ ಬಿಡಿಸಿ ಕಲಿಸುವುದುಂಟು: ಪಾಸ್ ಕೊಡುವವನಂತೆ ಕಾಲು ಬೀಸುವುದು, ಚೆಂಡನ್ನು ಒಳಪಾದದಿಂದ ಊರಿದ ಕಾಲಿನ ಹಿಂದಕ್ಕೆ ಎಳೆಯುವುದು, ಮೈ ತಿರುಗಿಸಿ ಆಚೆಗೆ ಓಡುವುದು. ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ, ಕೊನೆಗೆ ಎದುರಾಳಿಯ ಮುಂದೆ. ಕೂರ್ವರ್‌ನ ವಿಚಾರಗಳನ್ನು ಆಧರಿಸಿ 1984ರಲ್ಲಿ ಆಲ್ಫ್ರೆಡ್ ಗಲುಸ್ಟಿಯನ್ ಮತ್ತು ಚೆಲ್ಸಿಯ ಮಾಜಿ ಆಟಗಾರ ಚಾರ್ಲಿ ಕುಕ್ 'ಕೂರ್ವರ್ ಕೋಚಿಂಗ್' ಸ್ಥಾಪಿಸಿದರು.

ಚರ್ಚೆ: ಎದುರಾಳಿಯಿಲ್ಲದೆ ಶಂಕುಗಳ ನಡುವೆ ಮಾಡುವ ಅಭ್ಯಾಸ ಕಾಲನ್ನು ಪಳಗಿಸುತ್ತದೆ; ಯಾವಾಗ ಪಾಸ್ ಕೊಡಬೇಕು, ಯಾವಾಗ ನುಗ್ಗಬೇಕು ಎಂಬ ವಿವೇಚನೆಯನ್ನು ಅದೊಂದೇ ಕಲಿಸದು ಎಂಬುದು ಮುಖ್ಯ ಆಕ್ಷೇಪ. ಡಚ್ ಫುಟ್‌ಬಾಲ್ ಸಂಸ್ಥೆ ಇದಕ್ಕೆ ಪರ್ಯಾಯವಾಗಿ ನಾಲ್ವರ ಎದುರು ನಾಲ್ವರ ಆಟಕ್ಕೆ ಒತ್ತುಕೊಟ್ಟಿತು. ಅಲ್ಲಿಯೂ ಪುನರಾವರ್ತನೆಯಿದೆ, ಆದರೆ ಪ್ರತಿಸಲ ಸನ್ನಿವೇಶ ಬೇರೆ. ಆಟಗಾರರು ಕಡಿಮೆಯಿದ್ದಷ್ಟೂ ಪ್ರತಿಯೊಬ್ಬರ ಕಾಲಿಗೆ ಚೆಂಡು ಹೆಚ್ಚು ಸಲ ಸಿಗುತ್ತದೆ. ಇಂಗ್ಲೆಂಡಿನಲ್ಲಿ 8 ವರ್ಷದೊಳಗಿನವರಿಗೆ 5, 10ರೊಳಗಿನವರಿಗೆ 7, 12ರೊಳಗಿನವರಿಗೆ 9 ಆಟಗಾರರ ತಂಡಗಳನ್ನು ನಿಗದಿಪಡಿಸಿದ್ದು ಇದೇ ತರ್ಕದಿಂದ. ಭಾರತದಲ್ಲಿ 2018ರಲ್ಲಿ ಆರಂಭವಾದ ಗೋಲ್ಡನ್ ಬೇಬಿ ಲೀಗ್‌ಗಳೂ ಮಕ್ಕಳಿಗೆ ಸಣ್ಣ ತಂಡಗಳ ಆಟವನ್ನೇ ಆರಿಸಿಕೊಂಡವು. ಇಂದು ಅನೇಕ ಅಕಾಡೆಮಿಗಳು ಒಂಟಿ ಅಭ್ಯಾಸದಿಂದ ಶುರುಮಾಡಿ, ಅದೇ ಪಾಠವನ್ನು ಸಣ್ಣ ಪಂದ್ಯದಲ್ಲಿ ಬಳಸುವಂತೆ ಮಾಡಿ ಎರಡನ್ನೂ ಬೆಸೆಯುತ್ತವೆ.