ಮುಳುಗುವವರ ಕೈ ಹಿಡಿದವರು: ಜೀವರಕ್ಷಕ ದೋಣಿಯ ಇತಿಹಾಸ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುವ ಬಯಲುಸೀಮೆ ನಮ್ಮದು. ಜಯಮಂಗಲಿ ನದಿಯಲ್ಲಿ ವರ್ಷದ ಬಹುಪಾಲು ನೀರಿಗಿಂತ ಮರಳೇ ಹೆಚ್ಚು ಕಾಣುತ್ತದೆ. ಆದರೂ ಎರಡು ಕಾರಣಗಳಿಂದ ನಮ್ಮ ಜನ ಕಡಲಿನ ಬಳಿಗೆ ಹೋಗಿದ್ದಾರೆ. ಒಂದು, ಹಜ್ ಯಾತ್ರೆ. ನಮ್ಮ ದಾದಾ, ನಾನಾಗಳ ಕಾಲದಲ್ಲಿ ಹಜ್‌ಗೆ ಹೊರಟವರು ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಜಿದ್ದಾ ತಲುಪುತ್ತಿದ್ದರು. ಆ ಹಡಗು ಪ್ರಯಾಣ 1995ರಲ್ಲಿ ನಿಂತಿತು. ಇನ್ನೊಂದು, ಶಾಲಾ ಪ್ರವಾಸ. ಡಿಸೆಂಬರ್ ಬಂತೆಂದರೆ ಒಳನಾಡಿನ ಶಾಲೆಗಳ ಬಸ್ಸುಗಳು ಮುರುಡೇಶ್ವರ, ಮಲ್ಪೆ, ಗೋಕರ್ಣಗಳತ್ತ ಹೊರಡುತ್ತವೆ. ಆದ್ದರಿಂದ ಸಮುದ್ರದಲ್ಲಿ ಜೀವ ಉಳಿಸುವ ವ್ಯವಸ್ಥೆ ಹೇಗೆ ಬೆಳೆದು ಬಂತು ಎಂಬುದನ್ನು ದಡದವರಿಗಿಂತ ನಾವೇ ಹೆಚ್ಚು ತಿಳಿದಿರಬೇಕೆಂದು ನನ್ನ ಅಭಿಪ್ರಾಯ.

ಹಿಂದಿನ ಕಾಲದಲ್ಲಿ ಹಡಗು ಒಡೆದರೆ ರಾಜರು ಕೇಳುತ್ತಿದ್ದುದು ಹೆಚ್ಚಾಗಿ ಸರಕಿನ ವಿಚಾರವನ್ನು. ದಡಕ್ಕೆ ತೇಲಿ ಬಂದದ್ದೆಲ್ಲ ಅರಸನ ಪಾಲು ಎಂಬ ಪದ್ಧತಿ ಅನೇಕ ಕಡೆ ಇತ್ತು. ಕಾಕತೀಯ ಗಣಪತಿದೇವನು 1244ರಲ್ಲಿ ಆಂಧ್ರದ ಮೋಟುಪಲ್ಲಿ ಬಂದರಿನಲ್ಲಿ ಹಾಕಿಸಿದ ಶಾಸನ ಈ ಪದ್ಧತಿಯನ್ನು ಕೈಬಿಟ್ಟು, ಸುಂಕ ಮಾತ್ರ ಸಾಕು, ಬಿರುಗಾಳಿಗೆ ಸಿಕ್ಕಿದ ವರ್ತಕರ ಸೊತ್ತು ಅವರದೇ ಎಂದು ಅಭಯ ಕೊಡುತ್ತದೆ. ಸುಮಾರು ನೂರು ವರ್ಷಗಳ ನಂತರ ಪ್ರವಾಸಿ ಇಬ್ನ್ ಬತೂತ ಕಲ್ಲಿಕೋಟೆಯಲ್ಲಿದ್ದಾಗ, ದೆಹಲಿ ಸುಲ್ತಾನನು ಚೀನಾಕ್ಕೆ ಕಳಿಸಿದ್ದ ಕಾಣಿಕೆಗಳಿದ್ದ ಹಡಗು ಅವನ ಕಣ್ಣೆದುರೇ ಬಿರುಗಾಳಿಗೆ ಒಡೆಯಿತು. ಮಲಬಾರಿನ ಬೇರೆಡೆಗಳಲ್ಲಿ ಒಡೆದ ಹಡಗಿನ ಸೊತ್ತು ಖಜಾನೆಗೆ ಹೋಗುತ್ತದೆ, ಕಲ್ಲಿಕೋಟೆಯಲ್ಲಿ ಮಾತ್ರ ಒಡೆಯರಿಗೆ ಸಿಗುತ್ತದೆ ಎಂದು ಅವನು ಬರೆದಿಟ್ಟಿದ್ದಾನೆ. ಕಲ್ಲಿಕೋಟೆಗೆ ಹೋಗುವ ಮೊದಲೂ, ಈ ನಷ್ಟವಾದ ಮೇಲೂ ಅವನು ತಂಗಿದ್ದು ನಮ್ಮ ಹೊನ್ನಾವರದಲ್ಲಿ. ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದು ಹೇಳುವ ಅವನ ಮಾತು ವಿಷಯಕ್ಕೆ ಹೊರತಾದರೂ ಇಲ್ಲಿ ನೆನೆಯದೆ ಇರಲಾಗದು.

ಜನರನ್ನು ಉಳಿಸಲೆಂದೇ ದೋಣಿ ಕಟ್ಟುವ ಕೆಲಸ ಇಂಗ್ಲೆಂಡಿನಲ್ಲಿ ಶುರುವಾಯಿತು. 1789ರಲ್ಲಿ ಟೈನ್ ನದಿಯ ಅಳಿವೆಯಲ್ಲಿ 'ಅಡ್ವೆಂಚರ್' ಎಂಬ ಹಡಗು ಸಿಕ್ಕಿಬಿದ್ದಿತು. ದಡದಲ್ಲಿ ಜನಜಂಗುಳಿ ನಿಂತು ನೋಡುತ್ತಿತ್ತು. ಆ ಅಲೆಗಳಲ್ಲಿ ದೋಣಿ ಇಳಿಸಲು ಯಾರಿಗೂ ಸಾಧ್ಯವಾಗದೆ ನಾವಿಕರು ಕಣ್ಣೆದುರೇ ಸತ್ತರು. ಊರಿನವರು ಸಮಿತಿ ಮಾಡಿಕೊಂಡು, ಒಳ್ಳೆಯ ದೋಣಿಯ ನಮೂನೆ ತಂದವರಿಗೆ ಬಹುಮಾನ ಸಾರಿದರು. ಹೆನ್ರಿ ಗ್ರೇಟ್‌ಹೆಡ್ ಎಂಬವನು ಕಟ್ಟಿದ 'ಒರಿಜಿನಲ್' ದೋಣಿ 1790ರಲ್ಲಿ ನೀರಿಗಿಳಿಯಿತು. ನೀರು ತುಂಬಿದರೂ ತೇಲುವಂತೆ ಅದಕ್ಕೆ ಬೆಂಡಿನಂಥ ಕಾರ್ಕ್ ಹೊದಿಸಿದ್ದರು. ಅಲೆಗಳ ನಡುವೆ ತಿರುಗಿಸುವ ಅಗತ್ಯ ಬಾರದಂತೆ ಎರಡೂ ತುದಿಗಳನ್ನು ಒಂದೇ ತೆರನಾಗಿ ಮಾಡಿದ್ದರು. 1824ರಲ್ಲಿ ವಿಲಿಯಂ ಹಿಲರಿಯವರ ಪ್ರಯತ್ನದಿಂದ ಲಂಡನ್ನಿನಲ್ಲಿ ಹುಟ್ಟಿದ ಜೀವರಕ್ಷಕ ಸಂಸ್ಥೆ ಇಂದಿಗೂ ಜನರ ದೇಣಿಗೆಯಿಂದಲೇ ಮುಖ್ಯವಾಗಿ ನಡೆಯುತ್ತಿದೆ. ಅದರ ದೋಣಿಗಳಲ್ಲಿ ಹೋಗುವವರು ಬಹುಪಾಲು ಸ್ವಯಂಸೇವಕರು.

ದೋಣಿ ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ ಎಂಬುದಕ್ಕೆ ಹಜ್ ಯಾತ್ರಿಕರ ಹಡಗೊಂದರ ಕಥೆಯೇ ಸಾಕ್ಷಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1880ರ ಜುಲೈಯಲ್ಲಿ 'ಜಿದ್ದಾ' ಎಂಬ ಹೆಸರಿನ ಉಗಿಹಡಗು ಸಿಂಗಾಪುರದಿಂದ ಹೊರಟು, ಪೆನಾಂಗ್ ಬಂದರಿನಲ್ಲೂ ಜನರನ್ನು ಹತ್ತಿಸಿಕೊಂಡು ಜಿದ್ದಾದತ್ತ ಸಾಗಿತು. ಹೆಂಗಸರು, ಮಕ್ಕಳೂ ಸೇರಿ ಒಂಬೈನೂರಕ್ಕೂ ಹೆಚ್ಚು ಯಾತ್ರಿಕರಿದ್ದರು. ಇಷ್ಟು ಜನರಿಗೆ ಸಾಕಾಗುವಷ್ಟು ದೋಣಿಗಳು ಹಡಗಿನಲ್ಲಿರಲಿಲ್ಲ. ಆಗಸ್ಟ್ ಮೊದಲ ವಾರ ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಬಿರುಗಾಳಿ ಹಡಗನ್ನು ಹಿಡಿಯಿತು. ಬಾಯ್ಲರುಗಳು ತಮ್ಮ ನೆಲೆಯಿಂದ ಅಲುಗಾಡಿದವು, ಹಡಗಿನೊಳಗೆ ನೀರು ನುಗ್ಗತೊಡಗಿತು. ಯಾತ್ರಿಕರು ಸರದಿಯಂತೆ ನಿಂತು ನೀರು ಹೊರಹಾಕಿದರು. ಆಗಸ್ಟ್ 8ರ ನಸುಕಿಗೆ ಮುಂಚೆ, ಕತ್ತಲೆಯಲ್ಲಿ, ಕ್ಯಾಪ್ಟನ್ ಕ್ಲಾರ್ಕ್ ತನ್ನ ಹೆಂಡತಿ ಮತ್ತು ಕೆಲವು ಅಧಿಕಾರಿಗಳೊಂದಿಗೆ ಜೀವರಕ್ಷಕ ದೋಣಿಗೆ ಇಳಿದುಬಿಟ್ಟ! ಯಾತ್ರಿಕರು ತಡೆಯಲು ಯತ್ನಿಸಿದರೂ ಆಗಲಿಲ್ಲ.

ದೋಣಿಯಲ್ಲಿದ್ದವರನ್ನು 'ಸಿಂಧಿಯಾ' ಎಂಬ ಹಡಗು ಎತ್ತಿಕೊಂಡು ಏಡನ್ ಬಂದರಿಗೆ ತಂದಿತು. ಯಾತ್ರಿಕರು ದಂಗೆಯೆದ್ದರು, ಹಡಗು ಎಲ್ಲರೊಂದಿಗೆ ಮುಳುಗಿತು ಎಂದು ಕ್ಯಾಪ್ಟನ್ ಅಲ್ಲಿ ಹೇಳಿಕೆ ಕೊಟ್ಟ. ಸುದ್ದಿ ತಂತಿಯ ಮೂಲಕ ಲಂಡನ್ನಿಗೂ ಹೋಯಿತು. ಆದರೆ ಆಗಸ್ಟ್ 11ರಂದು 'ಆಂಟೆನರ್' ಎಂಬ ಹಡಗು ಅದೇ 'ಜಿದ್ದಾ'ವನ್ನು ಹಗ್ಗ ಕಟ್ಟಿ ಎಳೆದುಕೊಂಡು ಏಡನ್‌ಗೆ ಬಂತು. ಅಧಿಕಾರಿಗಳು ಬಿಟ್ಟುಹೋದ ಮೇಲೆ ಯಾತ್ರಿಕರು ಹಡಗನ್ನು ಬಿಟ್ಟುಕೊಟ್ಟಿರಲಿಲ್ಲ. ನೀರು ಎತ್ತುತ್ತಲೇ, ಸಂಕಟದ ಸಂಕೇತ ತೋರಿಸುತ್ತಲೇ ಇದ್ದರು. ಅದನ್ನು ಕಂಡು ಹತ್ತಿರ ಬಂದ 'ಆಂಟೆನರ್'ನ ಮೊದಲ ಅಧಿಕಾರಿ ಕ್ಯಾಂಬೆಲ್ ಮುಳುಗುವಂತಿದ್ದ ಹಡಗಿಗೆ ತಾನೇ ಹತ್ತಿ, ಯಾತ್ರಿಕರೊಂದಿಗೆ ದಡ ಸೇರುವವರೆಗೆ ಅಲ್ಲಿಯೇ ಉಳಿದ. ಏಡನ್‌ನಲ್ಲಿ ನಡೆದ ವಿಚಾರಣೆಯಲ್ಲಿ ಕ್ಯಾಪ್ಟನ್‌ಗೆ ಸಿಕ್ಕಿದ ಶಿಕ್ಷೆ ಮೂರು ವರ್ಷ ಪರವಾನಗಿ ಅಮಾನತು, ಅಷ್ಟೆ. ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ 'ಲಾರ್ಡ್ ಜಿಮ್' ಕಾದಂಬರಿಗೆ ಈ ಘಟನೆಯೇ ಮೂಲ. ಕಾದಂಬರಿಯಲ್ಲಿ ಓಡಿಹೋದ ಅಧಿಕಾರಿಯ ಮನಸ್ಸಿನ ತೊಳಲಾಟವೇ ತುಂಬಿದೆ. ಮೂರು ದಿನ ನೀರೆತ್ತಿದವರ ಹೆಸರುಗಳು ನಮಗೆ ಬೇಕಿದ್ದವು.

ಎಲ್ಲರಿಗೂ ದೋಣಿಯಲ್ಲಿ ಜಾಗವಿರಬೇಕೆಂಬ ಮಾತು ಜಗತ್ತಿನ ಕಿವಿಗೆ ಬಿದ್ದದ್ದು 1912ರ 'ಟೈಟಾನಿಕ್' ದುರಂತದ ನಂತರ. ಅದರಲ್ಲಿ 2200ಕ್ಕೂ ಹೆಚ್ಚು ಜನರಿದ್ದರು, ದೋಣಿಗಳು 20, ಅವುಗಳಲ್ಲಿ ಜಾಗ 1178 ಮಂದಿಗೆ. 1914ರಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಒಪ್ಪಂದಗಳು ದೊಡ್ಡ ಹಡಗುಗಳ ಮಾತಾಯಿತು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ 'ರಾಮದಾಸ್' ಎಂಬ ಸಣ್ಣ ಪ್ರಯಾಣಿಕ ಹಡಗು ಮಗುಚಿ ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಬದುಕಿದವರಲ್ಲಿ ಅನೇಕರನ್ನು ಎತ್ತಿದ್ದು ಮೀನುಗಾರರ ದೋಣಿಗಳು.

ನಮ್ಮ ಕರಾವಳಿಯ ಕಥೆಯೂ ಹಾಗೆಯೇ. ಮಂಗಳೂರಿನ ಹಳೇ ಬಂದರಿನಲ್ಲಿ ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬುತ್ತದೆ. ದಡ ಕಾಣುವಷ್ಟು ಹತ್ತಿರ ಬಂದ ದೋಣಿಗಳು ಅಲ್ಲಿಯೇ ಮಗುಚಿದ್ದುಂಟು. ಕಾಪುವಿನ ದೀಪಸ್ತಂಭ 1901ರದು. ದೀಪ ದಾರಿ ತೋರಿಸುತ್ತದೆಯೇ ಹೊರತು ನೀರಿಗೆ ಬಿದ್ದವರನ್ನು ಎತ್ತುವುದಿಲ್ಲ. ಆ ಕೆಲಸ ಮಾಡುತ್ತ ಬಂದವರು ಮೊಗವೀರರು, ಖಾರ್ವಿಗಳು, ಬ್ಯಾರಿಗಳು, ಉತ್ತರ ಕನ್ನಡದ ದಾಲ್ದಿ ಮುಸ್ಲಿಮರು, ಅಂದರೆ ಆ ಹೊತ್ತಿಗೆ ಹತ್ತಿರದಲ್ಲಿದ್ದ ಮೀನುಗಾರರು.

ಸರ್ಕಾರದ ವ್ಯವಸ್ಥೆ ಬಂದದ್ದು ತಡವಾಗಿ. ಭಾರತೀಯ ತಟರಕ್ಷಣಾ ಪಡೆಗೆ 1978ರಲ್ಲಿ ಕಾಯ್ದೆಯ ಬಲ ಸಿಕ್ಕಿತು. ಮಂಗಳೂರಿನ ಪಣಂಬೂರಿನಲ್ಲಿ ಅದರ ಕರ್ನಾಟಕದ ಕೇಂದ್ರವಿದೆ. ರಾಜ್ಯದ ಕರಾವಳಿ ಕಾವಲು ಪೊಲೀಸರ ಪ್ರಧಾನ ಕಚೇರಿ ಮಲ್ಪೆಯಲ್ಲಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್ ದೋಣಿಯ ಒಂಬತ್ತು ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ತಟರಕ್ಷಣಾ ಪಡೆ ಸೇರಿ ಉಳಿಸಿದವು. 2025ರ ಮೇಯಲ್ಲಿ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು ಒಯ್ಯುತ್ತಿದ್ದ 'ಸಲಾಮತ್' ಎಂಬ ಸರಕು ನೌಕೆ ಮುಳುಗಿದಾಗ ಆರು ಜನರೂ ಪುಟ್ಟ ದೋಣಿಗಿಳಿದು ತೇಲುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹಡಗೊಂದು ಕಂಡು ತಿಳಿಸಿತು. ತಟರಕ್ಷಣಾ ಪಡೆ ಆರೂ ಮಂದಿಯನ್ನು ಜೀವಂತ ಮಂಗಳೂರಿಗೆ ತಂದಿತು. ಎಲ್ಲ ಸಲವೂ ಹೀಗಾಗುವುದಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇಯಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಬಂದರಿನ ಕಡೆ ನೋಡುತ್ತ ಕೂತಿದ್ದರು.

ಇನ್ನು ಒಳನಾಡಿನವರ ವಿಚಾರ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದವರೂ ಇದ್ದರು. ದೋಣಿಯಲ್ಲಿ ಜನ ಹೆಚ್ಚಾಗಿದ್ದರು, ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನ ಪಾಲಾದರು. ಕೋಲಾರವೂ ನಮ್ಮಂತೆಯೇ ಬರದ ಸೀಮೆ. ಈಜು ಕಲಿಯಲು ಅಲ್ಲಿಯ ಹೆಣ್ಣುಮಕ್ಕಳಿಗೆ ಎಲ್ಲಿ ನೀರಿದೆ?

ಕೆರೆಯ ನೀರು ನಿಂತ ನೀರು. ಕಡಲಿನ ನೀರು ದಡಕ್ಕೆ ಬಂದು ಅಪ್ಪಳಿಸಿ, ಹಿಂತಿರುಗುವಾಗ ಕೆಲವು ಕಡೆ ಕಿರಿದಾದ ಹರಿವಾಗಿ ವೇಗವಾಗಿ ಒಳಗೆ ಎಳೆಯುತ್ತದೆ. ಆ ಜಾಗದಲ್ಲಿ ಅಲೆ ಕಡಿಮೆ ಕಾಣುವುದರಿಂದ ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ದಡದತ್ತ ನೇರವಾಗಿ ಈಜಿದರೆ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಎಳೆತದಿಂದ ಹೊರಬರಬಹುದು. ಈಜು ಬಾರದವರು ಕೈ ಎತ್ತಿ ಕೂಗುತ್ತ, ತೇಲಲು ಮಾತ್ರ ಪ್ರಯತ್ನಿಸಬೇಕು. ದಡದಲ್ಲಿರುವವರು ಹಿಂದೆ ಹಾರುವ ಬದಲು ಹಗ್ಗ, ಟ್ಯೂಬು, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು. ತಟರಕ್ಷಣಾ ಪಡೆಯ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093. ಪ್ರವಾಸದ ಬಸ್ಸು ಊರು ಬಿಡುವ ಮೊದಲೇ ಜೊತೆಗೆ ಹೋಗುವ ಶಿಕ್ಷಕರ ಫೋನಿನಲ್ಲಿ ಇವೆರಡೂ ಇರಲಿ. ಮುರುಡೇಶ್ವರದಲ್ಲಿ ಅಂದು ನೀರಿಗೆ ಸಿಕ್ಕವರು ಏಳು ಮಂದಿ. ಮೂವರನ್ನು ಮಾತ್ರ ದಡಕ್ಕೆ ಜೀವಂತ ತರಲು ಸಾಧ್ಯವಾಯಿತು.