ಮಸೆರಾಟಿ 3500 ಜಿಟಿ

ಮಸೆರಾಟಿ 3500 ಜಿಟಿ ಇಟಲಿಯ ಮೊಡೆನಾ ನಗರದಲ್ಲಿ 1957ರಿಂದ 1964ರವರೆಗೆ ತಯಾರಾದ, ದೂರಪ್ರಯಾಣಕ್ಕೆಂದೇ ರೂಪಿಸಿದ ವೇಗದ ಐಷಾರಾಮಿ ಕಾರು. ರೇಸಿಂಗ್ ವೆಚ್ಚದಿಂದ ಬಳಲಿದ್ದ ಕಂಪನಿಗೆ ಸ್ಥಿರ ಆದಾಯ ತಂದದ್ದು ಇದೇ. ಜೂಲಿಯೊ ಆಲ್ಫಿಯೇರಿ ರೂಪಿಸಿದ 3485 ಸಿಸಿ ಎಂಜಿನ್‌ನ ಆರು ಸಿಲಿಂಡರುಗಳಿಗೆ ತಲಾ ಎರಡು ಸ್ಪಾರ್ಕ್ ಪ್ಲಗ್‌ಗಳಿವೆ.

ಈ ಕಾರನ್ನು ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದುದು ಅದರ ಹೊರಕವಚವನ್ನು. ಮಿಲಾನಿನ ಟೂರಿಂಗ್ ಸಂಸ್ಥೆಯ ‘ಸೂಪರ್‌ಲೆಜ್ಜೆರಾ’ ಪದ್ಧತಿಯಲ್ಲಿ ತೆಳು ಉಕ್ಕಿನ ಕೊಳವೆಗಳ ಹಂದರಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಲಾಗುತ್ತಿತ್ತು. ತೇವ ಸೇರಿದರೆ ಎರಡು ಲೋಹಗಳು ತಾಗುವಲ್ಲಿ ಸವೆತ ಆರಂಭವಾಗುತ್ತದೆ. ಬಣ್ಣದ ಹೊಳಪು ಅದನ್ನು ಮರೆಮಾಚುತ್ತದೆ. ತಗಡನ್ನೇ ಬಿಚ್ಚಬೇಕಾಗುವುದರಿಂದ ದುರಸ್ತಿ ಬಲು ದುಬಾರಿ.

ನಂತರ ಬಂದ ಜಿಟಿಐ ಮಾದರಿಯ ಲ್ಯೂಕಾಸ್ ಇಂಧನ ಇಂಜೆಕ್ಷನ್ ವ್ಯವಸ್ಥೆಯನ್ನು ಸರಿಹೊಂದಿಸುವುದು ಕಷ್ಟವೆಂದು ಅನೇಕ ಮಾಲೀಕರು ವೆಬರ್ ಕಾರ್ಬುರೇಟರ್ ಹಾಕಿಸಿಕೊಂಡರು. ನಿತ್ಯದ ಓಡಾಟಕ್ಕೆ ಅದೇ ಅನುಕೂಲ; ಆದರೆ ಮೂಲರೂಪ ಬಯಸುವ ಸಂಗ್ರಾಹಕರು ಅಂದು ಕಳಚಿಟ್ಟ ಭಾಗಗಳನ್ನೇ ಇಂದು ಹುಡುಕುತ್ತಾರೆ.